ಜೇಬಿನಲ್ಲಿ ಬಂದ ಕನ್ನಡಕ

ಹೊಸ ಕನ್ನಡಕ ಕೈಗೆ ಬಂದ ದಿನ ನಾನು ಅದನ್ನು ಹಾಕಿಕೊಳ್ಳಲಿಲ್ಲ. ಡಬ್ಬಿ ಸಮೇತ ಅಂಗಿಯ ಜೇಬಿಗೆ ಸೇರಿಸಿ, ಆಪರೇಷನ್ ಆದಾಗ ಆಸ್ಪತ್ರೆಯವರು ಕೊಟ್ಟಿದ್ದ ಕಪ್ಪು ಕನ್ನಡಕವನ್ನೇ ಮತ್ತೆ ಏರಿಸಿಕೊಂಡು ಸಕಲೇಶಪುರದಿಂದ ಬೆಳಗೋಡಿನ ಬಸ್ಸು ಹತ್ತಿದೆ. ಕನ್ನಡಕದಂಗಡಿಯ ಅನ್ವರ್, "ಹಾಕ್ಕೊಂಡೇ ಹೋಗಿ ಗೌಡ್ರೆ, ಕಣ್ಣಿಗೆ ಅಭ್ಯಾಸ ಆಗುತ್ತೆ" ಎಂದಿದ್ದ. "ದಾರೀಲಿ ಧೂಳು" ಎಂದೆ. ಹಿಂದಿನ ದಿನವಷ್ಟೇ ಮಳೆ ಬಂದು ರಸ್ತೆ ತೊಳೆದಿಟ್ಟ ಹಾಗಿತ್ತು. ಅನ್ವರ್ ಒಮ್ಮೆ ರಸ್ತೆ ನೋಡಿದ, ಒಮ್ಮೆ ನನ್ನನ್ನು ನೋಡಿದ. ವ್ಯಾಪಾರಸ್ಥ, ಬಿಲ್ಲು ಹರಿದು ಕೊಟ್ಟ.

ಮನೆಯಲ್ಲಿ ನನ್ನ ಹೆಂಡತಿ ಜಯಮ್ಮ ಬಾಗಿಲಲ್ಲೇ ಕಾದಿದ್ದಳು.

"ಎಲ್ರೀ ಕನ್ನಡಕ?"

ಜೇಬು ತಟ್ಟಿ ತೋರಿಸಿದೆ.

"ಯಾಕೆ, ಜೇಬಿಗೆ ಕಣ್ಣು ಕಾಣಿಸ್ಲಿ ಅಂತ ಮಾಡ್ಸಿದ್ರಾ?"

ನಾನು ಕೈಕಾಲು ತೊಳೆಯಲು ಹೋದೆ. ಅವಳಿಗೆ ಉತ್ತರ ಗೊತ್ತಿತ್ತು. ನಿಮಗೆ ಗೊತ್ತಿಲ್ಲವಾದ್ದರಿಂದ ಹೇಳಬೇಕಾಗಿದೆ. ಆದರೆ ಒಂದೇ ಉಸಿರಿಗೆ ಹೇಳುವ ಧೈರ್ಯ ನನಗಿಲ್ಲ, ಸ್ವಲ್ಪ ಸುತ್ತಿ ಬರುತ್ತೇನೆ.

ಕಣ್ಣಿನ ಪೊರೆ ತೆಗೆಸಿಕೊಂಡವರನ್ನು ನೀವೂ ನೋಡಿರುತ್ತೀರಿ. ಅವರು ಮನೆಗೆ ಬಂದ ಮೊದಲ ವಾರ ಯಾರಿಗೂ ಇಷ್ಟವಾಗುವುದಿಲ್ಲ. ನಾನೂ ಹಾಗೇ ಆದೆ. ಹಾಸನದ ಆಸ್ಪತ್ರೆಯಲ್ಲಿ ಬಲಗಣ್ಣಿನ ಪೊರೆ ತೆಗೆದು, ಪಟ್ಟಿ ಕಟ್ಟಿ, ಮರುದಿನ ಬಿಚ್ಚಿದಾಗ ಮೊದಲು ಕಂಡದ್ದು ನರ್ಸಮ್ಮನ ಸಮವಸ್ತ್ರ. ಅಂಥ ಬಿಳಿಯನ್ನು ನಾನು ಮರೆತೇಬಿಟ್ಟಿದ್ದೆ. ಆಪರೇಷನ್ ಆಗದ ಎಡಗಣ್ಣಲ್ಲಿ ನೋಡಿದರೆ ಅದೇ ಬಟ್ಟೆ ಹಳೆಯ ಪಂಚೆಯ ಹಾಗೆ ಹಳದಿ. ಬಲಗಣ್ಣು ಮುಚ್ಚು, ಎಡಗಣ್ಣು ತೆರೆ. ಎಡಗಣ್ಣು ಮುಚ್ಚು, ಬಲಗಣ್ಣು ತೆರೆ. ನನ್ನ ಈ ಆಟ ನೋಡಿ ಆ ನರ್ಸಮ್ಮ, "ತಾತ, ಯಾಕೆ ಕಣ್ಣು ಹೊಡೀತಿದೀರ?" ಎಂದು ಕೇಳಿ ಪಕ್ಕದ ಮಂಚದವರನ್ನೆಲ್ಲ ನಗಿಸಿದಳು.

ಮನೆಗೆ ಬಂದ ಮೇಲೂ ಆಟ ನಿಲ್ಲಲಿಲ್ಲ. ನಮ್ಮ ನಡುಮನೆಯ ಗೋಡೆಗೆ ಹಸಿರು ಬಣ್ಣ ಎಂದು ನಾನು ತಿಳಿದಿದ್ದೆ. ಅದು ನೀಲಿ. ನಾನೇ ನಿಂತು ಹೊಡೆಸಿದ ಬಣ್ಣ. ಜಂತೆಯಲ್ಲಿ ಜೇಡರ ಬಲೆ, ಒಲೆಯ ಹಿಂದೆ ಮಸಿ, ದೇವರ ಪಟಗಳ ಗಾಜಿನ ಮೇಲೆ ಎಣ್ಣೆ ಜಿಡ್ಡು. ಒಂದೊಂದನ್ನೂ ಕಂಡ ಕೂಡಲೇ ಕರೆದು ತೋರಿಸುತ್ತಿದ್ದೆ. ಜಯಮ್ಮ ಎರಡು ದಿನ ಪೊರಕೆ ಹಿಡಿದು ಓಡಾಡಿದಳು. ಮೂರನೆಯ ದಿನ ಕನ್ನಡಿ ತಂದು ನನ್ನ ಕೈಗಿಟ್ಟು, "ಇದನ್ನೂ ಒಂದ್ಸಲ ನೋಡಿ" ಎಂದಳು. ದವಡೆಯ ಕೆಳಗೆ, ಕಿವಿಯ ಹಿಂದೆ, ಗಂಟಲ ಗುಳಿಯಲ್ಲಿ ಅಲ್ಲಲ್ಲಿ ಬಿಳಿ ಗಡ್ಡ ತೋಟದ ಕಳೆಯ ಹಾಗೆ ನಿಂತಿತ್ತು. ಅಂದರೆ ಇಷ್ಟು ಕಾಲ ನಾನು ಕ್ಷೌರ ಮಾಡಿಕೊಂಡೆ ಎಂದುಕೊಂಡು ಅರ್ಧಂಬರ್ಧ ಕೆರೆದುಕೊಂಡು, ಅದೇ ಮುಖ ಹೊತ್ತು ಮದುವೆ ಮುಂಜಿಗಳಿಗೆಲ್ಲ ಹೋಗಿ ಬಂದಿದ್ದೆ.

"ಒಂದ್ ಮಾತು ಹೇಳ್ಬಾರ್ದಿತ್ತಾ?" ಎಂದೆ.

"ಹೇಳಿದ್ರೆ ನನಗೇ ಕಣ್ಣು ಕಾಣಲ್ಲ ಅಂತಿದ್ರಿ."

ನಿಜವೇ. ಅನ್ನುತ್ತಿದ್ದೆ.

ಒಂದು ತಿಂಗಳು ತಲೆಗೆ ನೀರು ಹಾಕಬೇಡಿ, ಬಗ್ಗಬೇಡಿ, ಒಲೆ ಮುಂದೆ ಕೂರಬೇಡಿ, ಹೊತ್ತುಹೊತ್ತಿಗೆ ಡ್ರಾಪ್ಸ್ ಬಿಟ್ಟುಕೊಳ್ಳಿ, ಕಣ್ಣು ಕೂತ ಮೇಲೆ ನಂಬರ್ ನೋಡಿ ಕನ್ನಡಕ ಕೊಡುತ್ತೇವೆ ಎಂದಿದ್ದರು ಡಾಕ್ಟರು. ತಿಂಗಳು ಕಳೆಯಿತು, ಎರಡೂ ಆಗುತ್ತ ಬಂತು. ನಾನು ಕನ್ನಡಕದ ಸುದ್ದಿ ಎತ್ತಲಿಲ್ಲ, ಕೊನೆಗೆ ನಂಬರ್ ಬರೆಸಿ ಅನ್ವರನ ಅಂಗಡಿಗೆ ಕಳಿಸಿದವಳು ಜಯಮ್ಮ. ಅಲ್ಲಿಯ ತನಕ ಕಪ್ಪು ಕನ್ನಡಕ ಮೂಗಿನಿಂದ ಇಳಿಯಲಿಲ್ಲ. ಮನೆಯ ಬಾಗಿಲಲ್ಲಿ ಅದನ್ನು ಹಾಕಿಕೊಂಡು ಕೂತ ನನ್ನನ್ನು ನೋಡಿ ಹಾದಿಯಲ್ಲಿ ಹೋಗುವವರು, "ಏನ್ ಗೌಡ್ರೆ, ಸಿನಿಮಾಕ್ಕೆ ಸೇರ್ಕಂಡ್ರಾ?" ಎಂದು ಕೇಳುತ್ತಿದ್ದರು. "ಡಾಕ್ಟ್ರು ಇನ್ನೂ ತೆಗೀಬೇಡಿ ಅಂದವ್ರೆ" ಎನ್ನುತ್ತಿದ್ದೆ. ಡಾಕ್ಟರು ಹಾಗೆ ಹೇಳಿರಲಿಲ್ಲ.

ಕನ್ನಡಕಕ್ಕೂ ನನಗೂ ಹಳೆಯ ಜಗಳ. ಹೈಸ್ಕೂಲಿನಲ್ಲಿ ಒಮ್ಮೆ ಕಣ್ಣು ಪರೀಕ್ಷೆ ಮಾಡುವವರು ಬಂದಿದ್ದರು. ಜಗುಲಿಯ ಗೋಡೆಗೆ ಅಕ್ಷರದ ಹಲಗೆ ನೇತುಹಾಕಿ, ಹುಡುಗರನ್ನು ಸಾಲಾಗಿ ನಿಲ್ಲಿಸಿ ಓದಿಸುತ್ತಿದ್ದರು. ನನಗೆ ಆ ಹಲಗೆಯೇ ಸರಿಯಾಗಿ ಕಾಣುತ್ತಿರಲಿಲ್ಲ, ಅಕ್ಷರದ ಮಾತು ದೂರ. ಆದರೆ ಕಣ್ಣು ಸರಿಯಿಲ್ಲ ಎಂದು ಗೊತ್ತಾದರೆ ಕನ್ನಡಕ ಹಾಕಿಸುತ್ತಾರೆ, ಕನ್ನಡಕ ಹಾಕಿದವನನ್ನು ಕಬಡ್ಡಿಗೆ ಸೇರಿಸಿಕೊಳ್ಳುವುದಿಲ್ಲ. ಸಾಲಿನಲ್ಲಿ ನನ್ನ ಮುಂದೆ ಇದ್ದವನು ಈರ. ಪೂರ್ತಿ ಹೆಸರು ಈರೇಗೌಡ. ನಮ್ಮ ಪಕ್ಕದ ಮನೆಯವನು, ಒಂದನೇ ಕ್ಲಾಸಿನಿಂದ ಒಂದೇ ಬೆಂಚು. ಅವನಿಗೆ ನನ್ನ ಕಷ್ಟ ಗೊತ್ತಿತ್ತು. ಹಲಗೆಯ ಅಕ್ಷರಗಳನ್ನು ಮೇಲಿನಿಂದ ಕೆಳಗಿನ ತನಕ ನನ್ನ ಕಿವಿಯಲ್ಲಿ ಮಗ್ಗಿ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟ. ನಾನು ಬಾಯಿಪಾಠ ಮಾಡಿದೆ. ನನ್ನ ಸರದಿ ಬಂದಾಗ ಎದೆ ಸೆಟೆದು ನಿಂತು ಪಟಪಟನೆ ಒಪ್ಪಿಸಿದೆ. ಕೊನೆಯ ಸಾಲಿನ ಅತಿ ಚಿಕ್ಕ ಅಕ್ಷರ ಕೂಡ ಬಿಡಲಿಲ್ಲ.

ಪರೀಕ್ಷೆ ಮಾಡುತ್ತಿದ್ದವರು ಹೇಳಿದರು, "ಬಾಳ ಚೆನ್ನಾಗಿ ಓದ್ದೆ ಕಣಯ್ಯ. ಆದ್ರೆ ಅದು ಹಲಗೆ ಹಿಂದಗಡೆ ಇರೋದು. ನಾನು ಆಗ್ಲೇ ತಿರುಗ್ಸಿ ಹಾಕಿದೀನಿ."

ಇಡೀ ಸ್ಕೂಲು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ಈರ.

ನಮ್ಮಪ್ಪ ಹಾಸನಕ್ಕೆ ಕರೆದುಕೊಂಡು ಹೋಗಿ ಕನ್ನಡಕ ಹಾಕಿಸಿದರು. ಮರುದಿನ ಸ್ಕೂಲಿಗೆ ಹೋಗುವಾಗ ಈರನ ಮುಖ ನೋಡಿ ಗಾಬರಿಯಾಯಿತು. ಅವನ ಮುಂದಿನ ಹಲ್ಲು ಅರ್ಧ ಇರಲಿಲ್ಲ.

"ಯಾವಾಗ ಮುರೀತೋ ಇದು?"

"ಹೋದ ವರ್ಷ ಕಣೋ. ಹಳ್ಳದ ಹತ್ರ ನೀನೇ ತಳ್ಳಿ ಕೆಡವಿದ್ದು!"

ನೋಡಿ, ಎಂಥ ಸ್ನೇಹ. ಒಂದು ವರ್ಷ ಮುರುಕು ಹಲ್ಲಿನಲ್ಲೇ ನನ್ನ ಜೊತೆ ನಗುತ್ತ ಓಡಾಡಿದ್ದ, ನನಗೆ ಗೊತ್ತೇ ಇರಲಿಲ್ಲ.

ಹೈಸ್ಕೂಲು ಮುಗಿದ ಮೇಲೆ ನಾನು ಅಪ್ಪನ ತೋಟಕ್ಕೆ ಇಳಿದೆ. ಈರ ವನಗೂರಿನ ಕಡೆಯ ಲಲಿತಮ್ಮ ಎಂಬವರನ್ನು ಮದುವೆಯಾಗಿ, ಮಾವನ ಏಲಕ್ಕಿ, ಕಾಫಿ ನೋಡಿಕೊಳ್ಳಲು ಅಲ್ಲಿಗೇ ಹೋಗಿ ನೆಲೆನಿಂತ. "ಮನೆಯಳಿಯ" ಎಂದು ನಾವೆಲ್ಲ ಚೆನ್ನಾಗಿ ಹಾಸ್ಯ ಮಾಡಿದೆವು. ಆ ಹಾಸ್ಯಕ್ಕೆ ಉತ್ತರ ಕೊಡುತ್ತಿದ್ದವರು ಲಲಿತಮ್ಮನೇ. "ನಿಮ್ಮ ಸ್ನೇಹಿತ್ರು ಮನೆಯಳಿಯ ಆಗಿದ್ದಕ್ಕೇ ಅಣ್ಣಯ್ಯ, ನಿಮಗೆ ಬೆಟ್ಟದ ಮೇಲೊಂದು ಮನೆ ಆಗಿದ್ದು" ಎನ್ನುತ್ತಿದ್ದರು. ಅದು ಬರೀ ಮಾತಲ್ಲ. ವರ್ಷದಲ್ಲಿ ನಾಲ್ಕಾರು ಸಲ ನಾನು ಅಲ್ಲಿ ಉಳಿಯುತ್ತಿದ್ದೆ. ಬಿದಿರು ಮೊಳೆಯುವ ಕಾಲದಲ್ಲಿ ಕಳಲೆ ಪಲ್ಯ, ಅಕ್ಕಿರೊಟ್ಟಿ. ನಾನು ಒಂದು ತಿಂದು ಕೈ ಅಡ್ಡ ಹಿಡಿದರೆ ಕೈ ಮೇಲೇ ಇನ್ನೊಂದು ಹಾಕಿಬಿಡುತ್ತಿದ್ದರು, ಸುಡುವ ರೊಟ್ಟಿ. "ಕೈ ಸುಟ್ರೆ ತಟ್ಟೆಗೆ ಹಾಕ್ಕಳಿ, ತಟ್ಟೆಗೆ ಹಾಕ್ಕಂಡ್ರೆ ತಿನ್ಲೇಬೇಕು" ಎಂಬುದು ಅವರ ಕಾನೂನು.

ಅವರು ತೀರಿಕೊಂಡರು. ಎರಡು ವರ್ಷದ ಮೇಲಾಯಿತು. ನಾನು ಹೋಗಲಿಲ್ಲ.

ಇಲ್ಲಿಗೆ ಬರಲೆಂದೇ ಇಷ್ಟು ಸುತ್ತಿದ್ದು.

ಸುದ್ದಿ ಬೆಳಿಗ್ಗೆಯೇ ಫೋನಿನಲ್ಲಿ ಬಂತು. ಕಾಫಿ ಕೊಯ್ಲಿನ ಕಾಲ. ನಮ್ಮ ಇಡೀ ವರ್ಷದ ಬೆಳೆ ಕಣದ ತುಂಬ ಹರಡಿ ಒಣಗುತ್ತಿತ್ತು. ಅವತ್ತೇ, ಬಾರದ ಕಾಲದಲ್ಲಿ, ಪಡುವಣದಲ್ಲಿ ಮೋಡ ಕಟ್ಟಿತು. ಕಾಫಿ ಬೆಳೆಯುವವರಿಗೆ ಆ ಮೋಡ ಎಂದರೆ ಏನೆಂದು ಹೇಳಬೇಕಾಗಿಲ್ಲ. ಅರ್ಧ ಒಣಗಿದ ಹಣ್ಣಿನ ಮೇಲೆ ಒಂದು ಮಳೆ ಬಿದ್ದರೆ ಬೂಷ್ಟು ಹಿಡಿದು ಎಲ್ಲ ಹೋಯಿತು. ಜಯಮ್ಮ ಸೀರೆ ಉಟ್ಟು ನಿಂತಿದ್ದಳು. "ನೀನು ಹೋಗಿರು, ನಾನು ಕಾಫಿ ರಾಶಿ ಮಾಡಿ, ಟಾರ್ಪಾಲ್ ಮುಚ್ಚಿ ಮುಂದಿನ ಜೀಪಿಗೆ ಬರ್ತೀನಿ" ಎಂದೆ. ಅವಳು ಹೋದಳು. ಮಳೆ ಬರಲಿಲ್ಲ. ಒಂದು ಹನಿ ಬೀಳಲಿಲ್ಲ. ಸಂಜೆ ಬಿಸಿಲು ಕೂಡ ಬಂತು. ನಾನು ಹೋಗಲೂ ಇಲ್ಲ.

ಕತ್ತಲಾಗುವ ಹೊತ್ತಿಗೆ ಜಯಮ್ಮ ಬಂದು ಸ್ನಾನ ಮಾಡಿ, ನನ್ನ ಮುಂದೆ ಕೂತು ಹೇಳಿದಳು, "ಈರಣ್ಣ ದಾರಿ ನೋಡ್ತಿದ್ರು. ಬಂದೋರ್ನೆಲ್ಲ 'ಸೋಮ ಬಂದ್ನಾ' ಅಂತ ಕೇಳ್ತಿದ್ರು. ನಾನೇನ್ ಹೇಳ್ಲಿ? ಕಾಫಿ ಮುಚ್ತಾ ಅವ್ರೆ ಅಂತ ಹೇಳೋಕೆ ನಾಲಿಗೆ ಬರ್ಲಿಲ್ಲ. ಕಣ್ಣಿಗೆ ಪೊರೆ ಬಂದೈತೆ, ದಾರಿ ಕಾಣ್ಸಲ್ಲ ಅಂದ್ಬುಟ್ಟೆ."

ಆಗ ನನ್ನ ಕಣ್ಣಿಗೆ ಪೊರೆ ಬರತೊಡಗಿತ್ತು, ನಿಜ. ಆದರೆ ದಾರಿ ಕಾಣದಷ್ಟಲ್ಲ. ಹಳೆಯ ಕನ್ನಡಕದಲ್ಲೇ ಪೇಪರಿನ ದಪ್ಪಕ್ಷರ ಓದುತ್ತಿದ್ದೆ. ಬಳ್ಳಿಯ ಮೇಲೆ ಮೆಣಸು ಹಣ್ಣಾಗಿದ್ದು ಕೆಳಗಿನಿಂದಲೇ ಹೇಳುತ್ತಿದ್ದೆ. ಜಯಮ್ಮನ ಸುಳ್ಳಿಗೆ ತಕ್ಕ ಹಾಗೆ ನನ್ನ ಕಣ್ಣಿನ ಪೊರೆ ಆಮೇಲೆ ಬೆಳೆಯಿತು.

ನಮ್ಮ ಕಡೆ ಒಂದು ರೀತಿ ಇದೆ. ಸಾವಾದ ಮನೆಯವರನ್ನು ಮೊದಲ ಸಲ ಅವರ ಮನೆಯಲ್ಲೇ ಕಾಣಬೇಕು. ಹೋಗಿ, ಸ್ವಲ್ಪ ಹೊತ್ತು ಕೂತು ಎದ್ದು ಬಂದರೆ ಸಾಕು. ಆಮೇಲೆ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಎಲ್ಲಿ ಬೇಕಾದರೂ ಮಾತಾಡಬಹುದು. ಮನೆಗೆ ಹೋಗದವನು ರಸ್ತೆಯಲ್ಲಿ ಸಿಕ್ಕಿ, "ಹಿಂಗಾಯ್ತಂತಲ್ಲ" ಎಂದರೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಹನ್ನೊಂದನೆಯ ದಿನಕ್ಕೆ ಹೋಗೋಣ ಎಂದುಕೊಂಡೆ. ಮಣ್ಣಿಗೆ ಬರದವನು ಊಟಕ್ಕೆ ಬಂದ ಎನ್ನುತ್ತಾರೆ ಎಂದು ಹೆದರಿ ಬಿಟ್ಟೆ. ತಿಂಗಳು ಕಳೆದ ಮೇಲೆ ಹೋಗೋಣ ಎಂದುಕೊಂಡೆ. ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಕೇಳಿದರೆ ಎಂದು ಬಿಟ್ಟೆ. ಹೋಗದೆ ಕಳೆದ ಒಂದೊಂದು ದಿನವೂ ಮರುದಿನ ಹೋಗುವುದನ್ನು ಇನ್ನಷ್ಟು ಕಷ್ಟ ಮಾಡುತ್ತಿತ್ತು.

ಮನೆಗೆ ಹೋಗುವ ತನಕ ರಸ್ತೆಯಲ್ಲಿ ಅವನನ್ನು ಕಾಣುವ ಹಾಗಿಲ್ಲ. ಆದರೆ ಅವನು ಪೇಟೆಗೆ ಬರುತ್ತಾನೆ, ನಾನೂ ಹೋಗುತ್ತೇನೆ. ಆಗ ನನ್ನ ಕೈಹಿಡಿದದ್ದು ಪೊರೆ.

ಪೊರೆ ಬಂದವನಿಗಿರುವ ಅನುಕೂಲ ಹೇಳಿ ಮುಗಿಯುವುದಿಲ್ಲ. ಆಲೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಛತ್ರದಲ್ಲಿ ಕುರ್ಚಿ ಹಿಡಿದು ಕೂತರೆ ಬಂದವರೆಲ್ಲ ತಾವೇ ಹತ್ತಿರ ಬಂದು, "ನಾನು ಕಣಣ್ಣ, ಹೊಸಮನೆ ಪುಟ್ಟೇಗೌಡ" ಎಂದು ಹೆಸರು ಹೇಳಿ ಕೈ ಮುಗಿಯುತ್ತಿದ್ದರು. ಮಾತು ಬೇಕಾದವರ ಜೊತೆ ಮಾತು, ಬೇಡವಾದವರ ಕಡೆ ತೂಕಡಿಕೆ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. "ಪಾಪ, ಕಣ್ಣು ಕಾಣಲ್ಲ" ಎನ್ನುತ್ತಾರೆ. ಆ "ಪಾಪ" ಎಂಬ ಮಾತು ಎರಡು ವರ್ಷ ನನ್ನನ್ನು ಸಾಕಿತು.

ಸಕಲೇಶಪುರದಲ್ಲಿ ಈರ ಎದುರಾದದ್ದು ಒಂದೆರಡು ಸಲವಲ್ಲ. ಮುಖ ಮಸುಕಾಗಿದ್ದರೂ ಅವನ ನಡಿಗೆ ನನಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಬಲಗಾಲು ಸ್ವಲ್ಪ ಹೊರಗೆ ಹಾಕಿ, ಇಳಿಜಾರಿನಲ್ಲಿ ನಡೆದು ನಡೆದು ಸಮತಟ್ಟಿನಲ್ಲೂ ಬ್ರೇಕು ಹಿಡಿದ ಹಾಗೆ ನಡೆಯುತ್ತಾನೆ. ಒಮ್ಮೆ ಗೊಬ್ಬರದಂಗಡಿಯಿಂದ ಹೊರಗೆ ಬರುತ್ತಿದ್ದೇನೆ, ಅವನು ನೇರ ಎದುರಿಗೆ. ನಾನು ಆಕಾಶ ನೋಡುತ್ತ ಪಕ್ಕಕ್ಕೆ ತಿರುಗಿ, ಚರಂಡಿ ದಾಟಿ, ಆಚೆಯ ಬಳೆ ಅಂಗಡಿಗೆ ನುಗ್ಗಿದೆ. ಅಂಗಡಿಯವಳು "ಯಾವ್ ಸೈಜ್ ಬೇಕಣ್ಣ?" ಎಂದಳು. ಆ ದಿನ ಜಯಮ್ಮನಿಗೆ ಒಂದು ಡಜನ್ ಗಾಜಿನ ಬಳೆ ಸಿಕ್ಕಿತು. ಮದುವೆಯಾದಾಗಿನಿಂದ ನಾನಾಗಿ ತಂದ ಬಳೆ ಅದೇ ಮೊದಲು. ಅವಳು ಸಂತೋಷಪಡಲಿಲ್ಲ. "ಈರಣ್ಣ ಸಿಕ್ಕಿದ್ರಾ?" ಎಂದು ಮಾತ್ರ ಕೇಳಿದಳು.

ಸುಳ್ಳು ಹೇಳಿಕೊಂಡು ತಿರುಗುತ್ತಿದ್ದರೆ ಅದು ನಿಜವಾಗಲು ಹೆಚ್ಚು ಕಾಲ ಬೇಡ. ಕಳೆದ ವರ್ಷದ ಹೊತ್ತಿಗೆ ನನಗೆ ನಿಜಕ್ಕೂ ಕಾಣದಾಯಿತು. ಒಂದು ಸಂಜೆ ಗೇಟಿನ ಹತ್ತಿರ ನಿಂತಿದ್ದ ನಮ್ಮ ಹಸುವನ್ನು ಹೊಡೆದುಕೊಂಡು ಬಂದು ಕೊಟ್ಟಿಗೆಯಲ್ಲಿ ಕಟ್ಟಿದೆ. ಅದು ಒದ್ದಾಡಿತು, ನಾನು ಬೈದೆ. ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯ ರತ್ನಮ್ಮ ಬಾಗಿಲಲ್ಲಿ ನಿಂತು, "ಸೋಮಣ್ಣಯ್ಯ, ನಮ್ ಹಸು ನಿಮ್ ಕೊಟ್ಟಿಗೇಲಿ ಹಾಲ್ ಜಾಸ್ತಿ ಕೊಡ್ತಾ ಐತಾ?" ಎಂದಳು. ನಮ್ಮ ಹಸು ಅವಳ ಹಿಂದೆಯೇ ನಿಂತಿತ್ತು. ಮರುವಾರ ಜಯಮ್ಮ ನನ್ನನ್ನು ಹಾಸನಕ್ಕೆ ಕರೆದುಕೊಂಡು ಹೋಗಿ ಹೆಸರು ಬರೆಸಿದಳು. ನಮ್ಮ ಸರದಿ ಬರುವ ಹೊತ್ತಿಗೆ ಇನ್ನೂ ಒಂದು ಕೊಯ್ಲು ಮುಗಿದಿತ್ತು.

ಕನ್ನಡಕ ಜೇಬಿನಲ್ಲಿ ಬಂದದ್ದು ಯಾಕೆಂದು ಈಗ ನಿಮಗೆ ಗೊತ್ತಾಯಿತು. ಕಪ್ಪು ಕನ್ನಡಕದ ಹಿಂದೆ ನಾನು ಇನ್ನೂ ರೋಗಿ. ಬಿಳಿ ಗಾಜಿನ ಕನ್ನಡಕ ಏರಿಸಿದ ದಿನ ಎಲ್ಲರಿಗೂ ಗೊತ್ತಾಗುತ್ತದೆ, ಸೋಮೇಗೌಡನಿಗೆ ಕಣ್ಣು ಬಂತು ಎಂದು. ಆಮೇಲೆ ಈರ ಎದುರಿಗೆ ಬಂದರೆ ಯಾವ ಬಳೆ ಅಂಗಡಿಗೆ ಹೋಗಲಿ?

ಅವತ್ತು ಊಟಕ್ಕೆ ಬಡಿಸುತ್ತ ಜಯಮ್ಮ ಹೇಳಿದಳು, "ನಾನ್ ಅವತ್ತು ಒಂದ್ ಸುಳ್ ಹೇಳ್ದೆ. ನಿಮ್ ಮಾನ ಉಳೀಲಿ ಅಂತ ಒಂದ್ ದಿನಕ್ಕೆ ಹೇಳಿದ್ದು. ನೀವು ಎರಡು ವರ್ಷ ಅದನ್ನ ಉಟ್ಕಂಡು ತಿರುಗಿದ್ರಿ. ಕಣ್ಣು ಬಂತಲ್ಲ, ಇನ್ನಾದ್ರೂ ನನ್ ಸುಳ್ಳು ನನಗೆ ವಾಪಸ್ ಕೊಡಿ."

"ನೀನೂ ಬಾ" ಎಂದೆ.

"ನಾನ್ಯಾಕೆ? ನಾನು ಅವತ್ತೇ ಹೋಗ್ಬಂದಿದೀನಿ."

ಮರುದಿನ ಹೊಸ ಕನ್ನಡಕ ಹಾಕಿಕೊಂಡು ಹೊರಟೆ. ಅದರ ಕೆಳಭಾಗ ಓದುವುದಕ್ಕೆ, ಮೇಲಿನದು ದೂರಕ್ಕೆ. ಮೆಟ್ಟಿಲು ಇಳಿಯುವಾಗ ತಪ್ಪಿ ಕೆಳಗಿನ ಗಾಜಿನಲ್ಲಿ ನೋಡಿದರೆ ನೆಲ ಎದ್ದು ಬರುತ್ತದೆ. ಕೋಳಿಯ ಹಾಗೆ ಕತ್ತು ಎತ್ತಿ ತಗ್ಗಿಸಿ ಬಸ್ಸು ಹತ್ತಿದೆ. ಸಕಲೇಶಪುರದಲ್ಲಿ ಬಸ್ಸು ಬದಲಾಯಿಸಿ, ವನಗೂರಿನ ಕಡೆಯ ಕೊನೆಯ ಏರಿಗೆ ಜೀಪು ಹಿಡಿದೆ. ಜೀಪಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು, "ಯಾರ ಮನೆಗೆ?" ಎಂದು ವಿಚಾರಿಸಿದಳು.

"ಈರೇಗೌಡ್ರ ಮನೆಗೆ. ಅವರ ಹೆಂಡ್ತಿ ತೀರ್ಕಂಡ್ರಲ್ಲ, ಮಾತಾಡಿಸ್ಕಂಡು ಬರೋಣ ಅಂತ."

ಅವಳು ಸ್ವಲ್ಪ ಸರಿದು ಕೂತಳು. "ಲಲಿತಕ್ಕ ತೀರ್ಕಂಡು ಎರಡು ವರ್ಷದ ಮೇಲಾತಲ್ಲ! ನಿಮ್ಗೆ ಈಗ ಗೊತ್ತಾತಾ?"

ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ನನಗೆ ಅವನ ಹುಬ್ಬು ಏರಿದ್ದು ಕೂಡ ಸ್ಪಷ್ಟವಾಗಿ ಕಾಣಿಸಿತು. ಇಂಥ ಕನ್ನಡಕ ಮಾಡಿಕೊಟ್ಟ ಅನ್ವರನಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ.

ಈರ ಅಂಗಳದಲ್ಲಿ ಏಲಕ್ಕಿ ಗಿಡದ ಒಣ ಸೋಗೆ ಕೊಯ್ಯುವ ಕತ್ತಿ ಮಸೆಯುತ್ತಿದ್ದ. ತಲೆಯೆತ್ತಿ ನೋಡಿದ. ನಾನು ಎರಡು ವರ್ಷದಲ್ಲಿ ಮೊದಲ ಸಲ ಅವನ ಮುಖ ನೋಡಿದೆ. ಕೆನ್ನೆ ಒಳಗೆ ಹೋಗಿತ್ತು. ಅವನು ಕತ್ತಿ ಪಕ್ಕಕ್ಕಿಟ್ಟ, ಏಳಲಿಲ್ಲ. "ಬಾ" ಎನ್ನಲಿಲ್ಲ. ಜಗುಲಿಯ ಬೆಂಚಿನ ಕಡೆ ಗಲ್ಲ ಎತ್ತಿ ತೋರಿಸಿದ. ಹೋಗಿ ಕೂತೆ. ಅವನೂ ಬಂದು ಬೆಂಚಿನ ಆ ತುದಿಯಲ್ಲಿ ಕೂತ. ಒಳಗೆ ಗೋಡೆಯ ಮೇಲೆ ಲಲಿತಮ್ಮನ ಪಟ ಕಾಣುತ್ತಿತ್ತು.

"ಕಾಫಿ ಒಣಗ್ತೇನೋ?" ಎಂದ ಈರ.

ನನಗೆ ಮೊದಲು ಅರ್ಥವಾಗಲಿಲ್ಲ. ಕೊಯ್ಲಿನ ಕಾಲವಲ್ಲ. ಆಮೇಲೆ ಅರ್ಥವಾಯಿತು.

"ಯಾರ್ ಹೇಳಿದ್ರು?"

"ನಿಮ್ ಊರಿಂದ ಒಂದ್ ಜೀಪ್ ಜನ ಬಂದಿದ್ರು ಮಾರಾಯ. ಒಬ್ರಲ್ಲ ಒಬ್ರು ಹೇಳ್ತಾರೆ. ಜಯಕ್ಕ ಪಾಪ ಪೊರೆ ಅಂದ್ಲು. ನಾನು ಹೂಂ ಅಂದೆ. ಅವಳ ಮುಖ ನೋಡಿ ಹೂಂ ಅಂದೆ."

"ಆಮೇಲೆ ನಿಜಕ್ಕೂ ಕಾಣ್ತಿರ್ಲಿಲ್ಲ ಈರ" ಎಂದೆ. ಇಷ್ಟು ದೂರ ಬಂದ ಮೇಲೂ ನನ್ನ ಬಾಯಿ ಮೊದಲು ಹೇಳಿದ್ದು ಅದನ್ನೇ.

"ಸುಮ್ನಿರೋ. ಕಣ್ ಕಾಣದೋನು ಮುಖ ತಿರುಗ್ಸಲ್ಲ, ಎದುರಿಗೇ ಬಂದು ಗುದ್ತಾನೆ. ನೀನು ಗೊಬ್ಬರದಂಗಡಿ ಮುಂದೆ ಜಿಂಕೆ ಹಂಗೆ ಚರಂಡಿ ಹಾರಿದ್ದು ನೋಡಿದೀನಿ ನಾನು. ಈ ವಯಸ್ಸಲ್ಲಿ ನನ್ ಕೈಲಾಗಲ್ಲ."

ಅವನು ನಗಲಿಲ್ಲ. ನನಗೂ ನಗು ಬರಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದೆ. ಅದು ಒದ್ದೆಯಾಗಿರಲಿಲ್ಲ, ಕೈಗೆ ಒಂದು ಕೆಲಸ ಬೇಕಿತ್ತು. ಕನ್ನಡಕ ಇಲ್ಲದೆ ಅವನ ಮುಖ ಸ್ವಲ್ಪ ಮಸುಕಾಯಿತು. ಹಾಗೇ ಹೇಳಿಬಿಡೋಣ ಎನಿಸಿತು. ಬೇಡವೆಂದು ಮತ್ತೆ ಹಾಕಿಕೊಂಡು ಹೇಳಿದೆ.

"ಮೋಡ ಆಗಿದ್ದು ನಿಜ. ಆದ್ರೆ ಮಧ್ಯಾಹ್ನದೊಳಗೇ ಎಲ್ಲ ಮುಚ್ಚಿ ಆಗಿತ್ತು. ಜೀಪ್ ಇತ್ತು. ಬರಬೋದಿತ್ತು. ದಣಿವಾಗಿತ್ತು, ಊಟ ಮಾಡಿ ಸ್ವಲ್ಪ ಹೊತ್ತು ಅಂತ ಮಲಗ್ದೆ."

ಇದನ್ನು ನಾನು ಜಯಮ್ಮನಿಗೂ ಹೇಳಿರಲಿಲ್ಲ. ಮೋಡ, ಮಳೆ, ವರ್ಷದ ಬೆಳೆ ಎಂದರೆ ಕೇಳಿದವರು ಒಪ್ಪಿಕೊಳ್ಳುತ್ತಾರೆ. ಊಟ ಮಾಡಿ ಮಲಗಿದೆ ಎಂಬುದಕ್ಕೆ ಯಾವ ಸಮಾಧಾನವೂ ಇಲ್ಲ.

ಈರ ನನ್ನ ಕಡೆ ತಿರುಗಿದ. ಆಮೇಲೆ ಕೇಳಿದ, "ನಿದ್ದೆ ಬಂತಾ?"

"ಬಂತು" ಎಂದೆ.

ಬರಲಿಲ್ಲ ಎನ್ನಬಹುದಿತ್ತು. ಹೊರಳಾಡಿದೆ, ಅತ್ತೆ ಎನ್ನಬಹುದಿತ್ತು. ಚೆನ್ನಾಗಿಯೇ ನಿದ್ದೆ ಬಂದಿತ್ತು. ಎದ್ದಾಗ ಬಿಸಿಲು ಇಳಿದಿತ್ತು.

ಈರನ ಸೊಸೆ ಬಾಗಿಲಿಗೆ ಬಂದು, "ಮಾವ, ಕಾಫಿ ಮಾಡ್ಲಾ?" ಎಂದು ಕೇಳಿದಳು.

"ಬೇಡ ಕಣಮ್ಮ" ಎಂದ ಈರ. "ಇವನು ಕಾಫಿಗೆ ಬಂದಿಲ್ಲ. ನಿಮ್ಮತ್ತೆ ತೀರ್ಕಂಡಿದ್ದಕ್ಕೆ ಬಂದವ್ನೆ."

ಅವಳು ಏನೂ ತಿಳಿಯದೆ ಒಳಗೆ ಹೋದಳು. ಸಾವಿನ ಮನೆಯಲ್ಲಿ ಬಂದವರಿಗೆ ಕಾಫಿ ಕೊಡುವುದಿಲ್ಲ. ಅವತ್ತು ನಡೆಯಬೇಕಿದ್ದುದನ್ನು ಅವನು ಈಗ ಲೆಕ್ಕ ತಪ್ಪದ ಹಾಗೆ ನಡೆಸುತ್ತಿದ್ದ. ಆಮೇಲೆ ಅವನಾಗಿ ಲಲಿತಮ್ಮನ ಕೊನೆಯ ಗಳಿಗೆಯನ್ನು ಹೇಳಿದ. ಹಿಂದಿನ ರಾತ್ರಿ ತನಕ ಚೆನ್ನಾಗಿದ್ದರಂತೆ. ಎದೆ ಹಿಡಿದುಕೊಂಡಿತು ಎಂದರಂತೆ, ಬಿಸಿನೀರು ತರುವಷ್ಟರಲ್ಲಿ ಮುಗಿದಿತ್ತಂತೆ. ಎರಡು ವರ್ಷ ಎಷ್ಟೋ ಜನರ ಮುಂದೆ ಹೇಳಿ ಹೇಳಿ ಸವೆದ ಮಾತುಗಳು. ಆದರೆ ನನ್ನ ಮುಂದೆ ಹೇಳುವುದು ಅದೇ ಮೊದಲು. ನಡುವೆ ಒಮ್ಮೆ ಅವನು ಅಂಗೈಯಿಂದ ಮುಖ ಒರೆಸಿಕೊಂಡ. ನಾನು ಬೆಂಚಿನ ಮೇಲೆ ಸ್ವಲ್ಪ ಅವನ ಕಡೆ ಸರಿದೆ. ಅವನು ಸರಿಯಲಿಲ್ಲ, ಆದರೆ ಎದ್ದೂ ಹೋಗಲಿಲ್ಲ.

ಕೆಳಗಿನ ತಿರುವಿನಲ್ಲಿ ಜೀಪಿನ ಸದ್ದು ಕೇಳಿಸಿತು. ಅದು ತಪ್ಪಿದರೆ ಅವತ್ತಿಗೆ ಬೇರೆ ಇರಲಿಲ್ಲ. ನಾನು ಎದ್ದೆ. ಸಾವಿನ ಮನೆಯಿಂದ ಹೊರಡುವಾಗ "ಬರ್ತೀನಿ" ಎಂದು ಹೇಳುವ ಹಾಗಿಲ್ಲ. ಇನ್ನೊಂದು ಸಾವಿಗೆ ಬರುತ್ತೇನೆ ಎಂದು ಹೇಳಿದ ಹಾಗಾಗುತ್ತದೆ ಎಂದು ನಮ್ಮ ಹಿರಿಯರು ಚಿಕ್ಕಂದಿನಲ್ಲೇ ಬಾಯಿ ಮುಚ್ಚಿಸಿದ್ದಾರೆ. ಹಿಂತಿರುಗಿಯೂ ನೋಡಬಾರದು. ನಾನು ಚಪ್ಪಲಿ ಮೆಟ್ಟಿ, ಮಾತಿಲ್ಲದೆ ಅಂಗಳ ದಾಟಿದೆ. ಗೇಟಿನ ತನಕ ಬಂದೆ.

"ಏಯ್ ಸೋಮ" ಎಂದು ಹಿಂದಿನಿಂದ ಕೂಗಿದ. "ಹೇಳ್ದೆ ಹೋಗ್ತಿದೀಯಲ್ಲೋ."

ನಿಂತೆ. ತಿರುಗಬೇಕೋ ಬೇಡವೋ ಗೊತ್ತಾಗದೆ ಗೇಟು ಹಿಡಿದುಕೊಂಡೇ ಹೇಳಿದೆ, "ಸಾವಿನ ಮನೆ ಅಲ್ವೇನೋ."

"ನೀನು ಬರೋ ತನಕ ಆಗಿತ್ತು. ಈಗ ಮುಗೀತು. ಹೇಳ್ಬುಟ್ಟು ಹೋಗು."

ತಿರುಗಿದೆ. ಅವನು ಜಗುಲಿಯ ಕಂಬ ಹಿಡಿದು ನಿಂತಿದ್ದ.

"ಬರ್ತೀನಿ ಕಣೋ ಈರ."

"ಹೂಂ" ಎಂದು ಅವನು ಒಳಗೆ ಹೋದ.